ಸನ್ಮಾನ ಮಾಡಿ ಕಳಿಸಿದೆವು

ಹೋದ ತಿಂಗಳು ಮಿಲ್ಪಿಟಾಸ್‌ನ ಒಂದು ಹಾಲ್‌ನಲ್ಲಿ ಗೆಳತಿಯ ಮಗಳ ರಂಗಪ್ರವೇಶವಿತ್ತು. ನೃತ್ಯ ಮುಗಿದ ಮೇಲೆ ಗುರುಗಳನ್ನು ಕುರ್ಚಿಯಲ್ಲಿ ಕೂರಿಸಿ, ಯಾರೋ ಹೊಸ ಶಾಲನ್ನು ಪ್ಲಾಸ್ಟಿಕ್ ಕವರಿನಿಂದ ಬಿಡಿಸಿದರು. ನಾನು ಎರಡನೇ ಸಾಲಿನಲ್ಲಿದ್ದೆ. ಹೊಸ ಶಾಲಿಗೆ ಒಂದು ವಾಸನೆಯಿರುತ್ತದೆ, ಗಂಜಿ, ಬಣ್ಣ, ಬಹಳ ದಿನ ಮುಚ್ಚಿಟ್ಟ ಪೆಟ್ಟಿಗೆ ಎಲ್ಲ ಸೇರಿದ್ದು. ಅದು ಮೂಗಿಗೆ ಬಡಿದದ್ದೇ ತಡ, ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಪಾರ್ಕಿಂಗ್ ಲಾಟಿಗೆ ಬಂದು ನಿಂತೆ. ಹಿಂದೆಯೇ ಬಂದ ನಮ್ಮ ಯಜಮಾನರು ಶ್ರೀಧರ, "ಏನಾಯ್ತೇ?" ಅಂದರು. "ಒಳಗೆ ಸೆಕೆ" ಅಂದೆ. ಅವರು ಜಾಕೆಟ್ಟಿನ ಜಿಪ್ಪನ್ನು ಕುತ್ತಿಗೆಯವರೆಗೂ ಎಳೆದುಕೊಂಡು ನನ್ನ ಮುಖ ನೋಡಿದರು. ಹೆಚ್ಚು ಕೇಳಲಿಲ್ಲ. ಅದೇ ಹಾಲ್, ಅದೇ ವೇದಿಕೆ ಅಂತ ಅವರಿಗೂ ಗೊತ್ತಿತ್ತು.

ಮೂರು ವರ್ಷದ ಹಿಂದೆ ಆ ವೇದಿಕೆಯ ಮೇಲೆ ನಾನೊಂದು ಸುಳ್ಳು ಓದಿದೆ. ಅದೂ ಚೆಂದದ ಕನ್ನಡದಲ್ಲಿ, ಮೈಸೂರಿನ ನನ್ನ ಕಾಲೇಜಿನ ಕನ್ನಡ ಮೇಷ್ಟ್ರು ಕೇಳಿದ್ದರೆ ಬೆನ್ನು ತಟ್ಟುವಂಥ ಕನ್ನಡದಲ್ಲಿ. ಆ ವರ್ಷದ ಬಗ್ಗೆ ಒಬ್ಬರನ್ನು ಬಿಟ್ಟು ಬೇರೆ ಯಾರ ಹತ್ತಿರವೂ ಪೂರ್ತಿ ಹೇಳಿಕೊಂಡಿಲ್ಲ. ಈಗ ಬರೆದುಬಿಡುತ್ತೇನೆ.

ಆ ಚಳಿಗಾಲ ಮಳೆಯೋ ಮಳೆ. ಮಿಲ್ಪಿಟಾಸ್‌ನ ಬೆನ್ನಿಗಿರುವ ಬೋಳು ಗುಡ್ಡಗಳು ಕಣ್ಣು ಕೋರೈಸುವಷ್ಟು ಹಸಿರಾಗಿದ್ದವು. ನೋಡುವುದಕ್ಕೆ ನಮಗೆ ಮನಸ್ಸಿರಲಿಲ್ಲ. ಜನವರಿಯ ಎರಡನೇ ವಾರ ಶ್ರೀಧರ ಅವರ ಕೆಲಸ ಹೋಯಿತು. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಪಾಸ್‌ವರ್ಡು ಕೆಲಸ ಮಾಡುತ್ತಿಲ್ಲ, ಅಷ್ಟೇ, ಹದಿನಾಲ್ಕು ವರ್ಷದ ನೌಕರಿ ಮುಗಿಯಿತು. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ನಿಂತು ನಮ್ಮ ಕಾಲು ಬಿದ್ದುಹೋಗಿತ್ತು, ಇನ್ನೂ ಬಂದಿರಲಿಲ್ಲ. ಅರವತ್ತು ದಿನದೊಳಗೆ ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕು. ನನ್ನ ಕೆಲಸದ ಪರವಾನಗಿಯೂ ಅವರ ವೀಸಾಕ್ಕೇ ಅಂಟಿಕೊಂಡಿತ್ತು. ಮಗಳು ಪ್ರಣತಿ ಹತ್ತನೇ ಗ್ರೇಡು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನಾನು ಒಂದೊಂದೇ ದಿನ ಹೊಡೆದು ಹಾಕುತ್ತಿದ್ದೆ. ಅವಳು ಅದನ್ನು ನೋಡಿಯೂ ನೋಡದ ಹಾಗೆ ಸೀರಿಯಲ್ ತಿಂದು ಸ್ಕೂಲಿಗೆ ಹೋಗುತ್ತಿದ್ದಳು.

ಐವತ್ತೊಂದನೇ ದಿನ ನಮ್ಮನ್ನು ಉಳಿಸಿದವರು ನಾಗೇಂದ್ರ. ನಮ್ಮ ಕನ್ನಡ ಬಳಗದ ಅಧ್ಯಕ್ಷರು, ಬೆಂಗಳೂರಿನವರು, ಲಾಸ್ ಆಲ್ಟೋಸ್‌ನಲ್ಲಿ ದೊಡ್ಡ ಮನೆ, ಕಂಪನಿಯಲ್ಲಿ ದೊಡ್ಡ ಹುದ್ದೆ. ಶ್ರೀಧರ ಅವರ ರೆಸ್ಯೂಮೆಯನ್ನು ತಾವೇ ಕೈಯಲ್ಲಿ ಹಿಡಿದು ನಾಲ್ಕು ಜನರ ಹತ್ತಿರ ಮಾತಾಡಿ ತಮ್ಮ ಕಂಪನಿಯಲ್ಲೇ ಕೆಲಸ ಕೊಡಿಸಿದರು. ಆಮೇಲೆ ಒಂದು ದಿನವಾದರೂ ಆ ಮಾತು ಎತ್ತಿದವರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದೆ ನಾನು ಅವರ ಮೇಲೆ ಗೂಬೆ ಕೂರಿಸುತ್ತಿದ್ದೇನೆ ಅನ್ನಿಸೀತು. ಅವರು ಬರುವ ಮೊದಲು ನಮ್ಮ ಬಳಗದ ಮೀಟಿಂಗು ಅಂದರೆ ಜಗಳ. ಯುಗಾದಿ ಊಟ ಮಧ್ಯಾಹ್ನ ಮೂರಕ್ಕೆ, ಅದೂ ತಣ್ಣಗೆ. ಅವರು ಬಂದ ಮೇಲೆ ಕಾರ್ಯಕ್ರಮ ಹೇಳಿದ ಹೊತ್ತಿಗೆ ಶುರು, ಹೋಳಿಗೆ ಬಿಸಿ ಬಿಸಿ. ಜನ ಖುಷಿಯಾಗಿ ಹಾಲ್‌ನ ಕೀಲಿ, ವಾಟ್ಸಾಪ್ ಗ್ರೂಪು, ಯಾರು ಹಾಡಬೇಕು ಯಾರು ಕುಣಿಯಬೇಕು ಅನ್ನುವ ಪಟ್ಟಿ, ಎಲ್ಲವನ್ನೂ ಅವರ ಕೈಗೇ ಕೊಟ್ಟರು. ನಮ್ಮ ಬಳಗದಲ್ಲಿ ಚುನಾವಣೆ ಅನ್ನುವುದೇ ಇಲ್ಲ. ಎಲ್ಲ ಅವಿರೋಧ ಆಯ್ಕೆ. ಅದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನಾನು ಕಾರ್ಯದರ್ಶಿ. ಅಂದರೆ ನಡಾವಳಿ ಬರೆಯುವವಳು. ಪ್ರತಿ ನಿರ್ಣಯದ ಕೊನೆಗೂ "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಎಂದು ಬರೆದೂ ಬರೆದೂ ಆ ಸಾಲು ಕೈಗೇ ರೂಢಿಯಾಗಿತ್ತು.

ಅಂಗಡಿ ಮಾಸ್ತರನ್ನು ಬಳಗಕ್ಕೆ ಕರೆತಂದವಳು ನಾನೇ. ಗದಗಿನ ಹೈಸ್ಕೂಲಿನಲ್ಲಿ ಮೂವತ್ತೈದು ವರ್ಷ ಇತಿಹಾಸ ಕಲಿಸಿ ನಿವೃತ್ತರಾಗಿ, ಮಗಳು ಸುಜಾತಾಳ ಜೊತೆ ನಮ್ಮ ಸಾಲಿನ ಟೌನ್‌ಹೌಸಿನಲ್ಲಿ ಇದ್ದರು. ಸಂಜೆ ವಾಕಿಂಗಿನಲ್ಲಿ ಸಿಗುತ್ತಿದ್ದರು. ಕೊಲ್ಲಿಯ ಕಡೆಯಿಂದ ಕಸದ ರಾಶಿಯ ವಾಸನೆ ಹೊತ್ತು ಗಾಳಿ ಬೀಸಿದರೆ ನಾವೆಲ್ಲ ಮೂಗು ಮುಚ್ಚಿಕೊಂಡು ಒಳಗೆ ಓಡುತ್ತಿದ್ದೆವು, ಅವರು ಮಫ್ಲರನ್ನು ಸ್ವಲ್ಪ ಮೇಲಕ್ಕೆ ಸರಿಸಿ ನಡೆಯುತ್ತಲೇ ಇರುತ್ತಿದ್ದರು. ಒಂದು ಸಂಜೆ ಪ್ರಣತಿಯ ವಿಷಯ ಬಂತು. ಸ್ಕೂಲಿನಲ್ಲಿ ಆ ತಿಂಗಳು ಸರ್ವಾಧಿಕಾರಿಗಳು ಹೇಗೆ ಹುಟ್ಟಿದರು, ಎರಡನೇ ಮಹಾಯುದ್ಧ ಯಾಕಾಯಿತು ಅನ್ನುವ ಪಾಠ. ಅವಳೋ ಕಾರಣಗಳ ಪಟ್ಟಿಯನ್ನು ಗಿಣಿಯ ಹಾಗೆ ಉರು ಹೊಡೆಯುತ್ತಿದ್ದಳು.

"ಪಟ್ಟಿ ಬಾಯಿಪಾಠ ಮಾಡಿದ್ರ ಪರೀಕ್ಷಾ ಪಾಸಾಗತೈತಿ ತಂಗಿ, ತಲಿಗೆ ಏನೂ ಹತ್ತಂಗಿಲ್ಲ" ಅಂದರು ಮಾಸ್ತರು. "ಬಳಗದಾಗ ಹುಡುಗೂರಿಗೆ ಶನಿವಾರ ಕನ್ನಡ ಕಲಿಸ್ತೀರಲ್ಲ, ಅಲ್ಲೇ ನನಗ ಒಂದು ತಾಸು ಕೊಡ್ರಿ. ಏಳು ವಾರ ಸಾಕು."

ನಾಗೇಂದ್ರ ಅವರಿಗೆ ಹೇಳಿದೆ. "ಅಯ್ಯೋ, ಧಾರಾಳವಾಗಿ ಮಾಡ್ಲಿ. ದೊಡ್ಡ ಮಕ್ಕಳು ಸುಮ್ನೆ ಫೋನ್ ನೋಡ್ತಾ ಕೂತಿರ್ತವೆ" ಅಂದರು. ಹೀಗೆ ಫೆಬ್ರವರಿಯಲ್ಲಿ, ಶ್ರೀಧರ ಅವರಿಗೆ ಕೆಲಸ ಸಿಗುವ ಮೊದಲೇ, ಹನ್ನೊಂದು ಮಕ್ಕಳ ಕ್ಲಾಸು ಶುರುವಾಯಿತು.

ಅದು ಎಂಥ ಕ್ಲಾಸು! ನಾನು ಹಿಂದೆ ಕೂತು ನೋಡುತ್ತಿದ್ದೆ. ಮಾಸ್ತರು ಗೋಡೆಗೆ ಒಂದು ದೊಡ್ಡ ಚಾರ್ಟು ಅಂಟಿಸಿದರು. ಜರ್ಮನಿಯ ಒಂದು ಸಣ್ಣ ಊರು, ಹನ್ನೊಂದು ಮನೆ. ಒಂದೊಂದು ಮಗುವಿಗೂ ಒಂದೊಂದು ಚೀಟಿ. ಒಬ್ಬ ಬ್ರೆಡ್ ಮಾಡುವವನು, ಒಬ್ಬಳು ಹೆಡ್‌ಮಾಸ್ತರು, ಇನ್ನೊಬ್ಬ ಪ್ರಿಂಟಿಂಗ್ ಪ್ರೆಸ್ಸಿನವನು. ನಮ್ಮ ಪ್ರಣತಿಗೆ ಪೋಸ್ಟ್‌ಮ್ಯಾನ್. ಮಾಸ್ತರದ್ದು ಒಂದೇ ಕಟ್ಟುನಿಟ್ಟು: ಆ ಸರ್ವಾಧಿಕಾರಿಯ ಹೆಸರು ಯಾರೂ ಎತ್ತಬಾರದು.

"ಅಂವನ ಹೆಸರು ಎಲ್ಲಾರಿಗೂ ಗೊತ್ತೈತಿ. ಹೆಸರು ಹೇಳಿಬಿಟ್ರ, ಎಲ್ಲಾ ಅಂವನs ಮಾಡಿದ ಅಂತ ಕೈ ತೊಳಕೊಂಡು ಬಿಡತೀವಿ. ನನಗ ಅಂವ ಬ್ಯಾಡ. ಅಂವಗ ಕೈ ಎತ್ತಿದ ಮಂದಿ ಬೇಕು."

ಪ್ರತಿ ವಾರ ಒಂದು ಸುದ್ದಿ ಓದುತ್ತಿದ್ದರು. ಮೊದಲ ವಾರ, ಯುದ್ಧ ಸೋತಿದ್ದೀರಿ, ಗೆದ್ದವರು ಎದುರು ಕೂರಿಸಿಕೊಂಡು ಎಲ್ಲ ತಪ್ಪೂ ನಿಮ್ಮದೇ ಅಂತ ಸಹಿ ಹಾಕಿಸಿಕೊಂಡರು. ಎರಡನೇ ವಾರ, ಕೆಲಸ ಹೋಯಿತು, ಊರಿನ ಅರ್ಧ ಗಂಡಸರು ಮನೆಯಲ್ಲಿ ಕೂತಿದ್ದಾರೆ. ಅವತ್ತು ಪ್ರಣತಿ ತಿರುಗಿ ನನ್ನ ಕಡೆ ನೋಡಿದಳು, ನಾನು ಫೋನು ನೋಡುವವಳ ಹಾಗೆ ನಟಿಸಿದೆ. ಮೂರನೇ ವಾರ, ಬರೀ ನಾಲ್ಕು ವರ್ಷಕ್ಕೆ ಅಂತ ಹೇಳಿ, ಪಾರ್ಲಿಮೆಂಟೇ ತನ್ನ ಅಧಿಕಾರವನ್ನು ಓಟು ಹಾಕಿ ಅವನಿಗೆ ಕೊಟ್ಟಿತು. ಇಟಲಿಯಲ್ಲಿ ಅದಕ್ಕೂ ಮುಂಚೆ ಏನಾಗಿತ್ತು, ಜಪಾನಿನಲ್ಲಿ ಸೈನ್ಯದವರ ಮಾತು ಹೇಗೆ ಮೇಲಾಯಿತು ಅನ್ನುವುದೂ ನಡುವೆ ಬರುತ್ತಿತ್ತು. ಓದಿ ಮುಗಿಸಿ ಒಬ್ಬೊಬ್ಬರನ್ನೇ ಕೇಳುತ್ತಿದ್ದರು, "ಈ ವಾರ ನೀವೇನ್ ಮಾಡಿದ್ರಿ?" ಅಷ್ಟೇ. ಸರಿ ತಪ್ಪು ಏನೂ ಹೇಳುತ್ತಿರಲಿಲ್ಲ. ಬ್ರೆಡ್ಡಿನ ಹುಡುಗ ರೋಹನ್ ಪ್ರತಿ ವಾರವೂ "ಐ ಮೇಡ್ ಬ್ರೆಡ್, ಅಜ್ಜ" ಅನ್ನುವುದು, ಎಲ್ಲರೂ ಬಿದ್ದು ಬಿದ್ದು ನಗುವುದು.

ನಾಲ್ಕನೇ ವಾರದ ಸುದ್ದಿ: ಊರಿನಲ್ಲಿ ಕೆಲವು ಅಂಗಡಿಗಳ ಬಾಗಿಲಿಗೆ ಗುರುತು ಬಿದ್ದಿದೆ, ಅಲ್ಲಿ ಯಾರೂ ಏನೂ ಕೊಳ್ಳಬಾರದು. ಕೆಲವು ಮೇಷ್ಟ್ರುಗಳಿಗೆ ಕೆಲಸದಿಂದ ತೆಗೆದ ಪತ್ರ ಬಂದಿದೆ. ಆ ಪತ್ರ ಹಂಚಬೇಕಾದವಳು ಪ್ರಣತಿ. ಅದಕ್ಕೇ ಅವಳಿಗೆ ಮಾತ್ರ ಮಾಸ್ತರು ಸುದ್ದಿಯ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆದು ಹಿಂದಿನ ದಿನವೇ ಮನೆಗೆ ಕಳಿಸಿದ್ದರು. ಏನು ಹೇಳಲಿ ಅಂತ ಅವಳು ತಲೆ ಕೆಡಿಸಿಕೊಂಡು ಕೂತಿದ್ದಳು. ನಾನು ಚಪಾತಿ ಲಟ್ಟಿಸುತ್ತಾ ಹೇಳಿಕೊಟ್ಟೆ, "ಪೋಸ್ಟ್‌ಮ್ಯಾನ್ ಕೆಲಸ ಹಂಚೋದು ಕಣೇ, ಓದೋದಲ್ಲ. ಕವರ್ ಒಳಗೆ ಏನಿದೆ ಅಂತ ಅವನಿಗೇನು ಗೊತ್ತು? ಅವನಿಗೂ ಹೆಂಡತಿ ಮಕ್ಕಳು ಇರ್ತಾರೆ." ಮರುದಿನ ಅವಳು ಹಾಗೇ ಹೇಳಿದಳು. ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು.

"ಭಾಳ ಚಲೋ ಉತ್ತರ ಐತಿ. ಯಾರು ಹೇಳಿಕೊಟ್ರು?"

"ಅಮ್ಮ."

ಅವರು ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ. ಹೊಗಳಿಕೆ ಅಂದುಕೊಂಡೆ, ಪೆದ್ದಿ!

ಐದನೇ ವಾರ ಪಕ್ಕದ ದೇಶದ ಒಂದು ತುಂಡನ್ನು ಅವನು ಕೇಳಿದ, ದೊಡ್ಡ ದೇಶಗಳೆಲ್ಲ ಸೇರಿ ಕೊಟ್ಟುಬಿಟ್ಟವು, ಯುದ್ಧ ತಪ್ಪಿತು ಅಂತ ಜನ ಬೀದಿಯಲ್ಲಿ ಕುಣಿದರು. ಆರನೇ ವಾರ ಒಬ್ಬ ಹುಡುಗಿ ಕೈ ಎತ್ತಿ ಇಂಗ್ಲಿಷಿನಲ್ಲಿ ಕೇಳಿದಳು, ಇದು ಜರ್ಮನಿಯಲ್ಲಿ ಮಾತ್ರ ಆಗುವಂಥದ್ದೋ, ಇಂಡಿಯಾದಲ್ಲಿ ಆಗಬಹುದೋ, ಇಲ್ಲಿ ಆಗಬಹುದೋ ಅಂತ. ಮಾಸ್ತರು ಒಂದು ಕ್ಷಣವೂ ತಡೆಯಲಿಲ್ಲ.

"ಎಲ್ಲಿ ಬೇಕಾದಲ್ಲಿ ಆಗತೈತಿ. ಭಾರತದಾಗೂ ಆಗತೈತಿ, ಇಲ್ಲೂ ಆಗತೈತಿ. ಅಂಜಿದ ಮಂದಿ ಎಲ್ಲಿ ಇರತಾರ, ಅಲ್ಲಿ ಆಗತೈತಿ. ಅದಕ್ಕ ಇತಿಹಾಸ ಓದಬೇಕು."

ಒಬ್ಬ ತಂದೆ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಮಗಳು ಪ್ರಶ್ನೆ ಕೇಳಿದಳಲ್ಲ ಅನ್ನುವ ಸಂಭ್ರಮ. ಅದನ್ನು ಗ್ರೂಪಿಗೆ ಹಾಕಿದರು. ಹಾಕುವಾಗ ಉದ್ದವಾಯಿತು ಅಂತ ಕತ್ತರಿಸಿದರು. ಉಳಿದದ್ದು ಎಂಟು ಸೆಕೆಂಡು, "ಭಾರತದಾಗೂ ಆಗತೈತಿ, ಇಲ್ಲೂ ಆಗತೈತಿ."

ಮಧ್ಯಾಹ್ನದ ಊಟದ ಹೊತ್ತಿಗೆ ಗ್ರೂಪು ಹೊತ್ತಿ ಉರಿಯುತ್ತಿತ್ತು. ನಮ್ಮ ದೇಶದ ಬಗ್ಗೆ ಮಕ್ಕಳ ತಲೆ ಕೆಡಿಸುತ್ತಿದ್ದಾರೆ ಅಂತ ಒಬ್ಬರು. ಅದು ಬಿಡಿ, ಇಲ್ಲಿಯ ವಿಷಯ ಮಾತಾಡಿದ್ದು ಯಾರ ಕಣ್ಣಿಗಾದರೂ ಬಿದ್ದರೆ ನಮ್ಮ ವೀಸಾ ಗತಿ ಏನು ಅಂತ ಇನ್ನೊಬ್ಬರು. "ಮುಂದಿನ ತಿಂಗಳು ವೀಸಾ ಸ್ಟಾಂಪಿಂಗಿಗೆ ಹೋಗ್ಬೇಕು, ನನ್ನ ಮಗಳು ಆ ವಿಡಿಯೋದಲ್ಲಿ ಇದ್ದಾಳೆ, ದಯವಿಟ್ಟು ತೆಗೀರಿ" ಅಂತ ಒಬ್ಬ ತಾಯಿ. ಮಾಸ್ತರ ಪರವಾಗಿ ಮಾತಾಡಿದವರೂ ಮೂರು ನಾಲ್ಕು ಜನ ಇದ್ದರು. ನಾನು ಅವರಲ್ಲಿ ಇರಲಿಲ್ಲ. ಪೂರ್ತಿ ಮಾತು ಕೇಳಿದ್ದವಳು ನಾನು, ಹಿಂದಿನ ಕುರ್ಚಿಯಲ್ಲೇ ಕೂತಿದ್ದವಳು. ಎರಡು ಸಾಲು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಅಷ್ಟರಲ್ಲಿ ನಾಗೇಂದ್ರ ಗ್ರೂಪಿನಲ್ಲಿ ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯದ ಹಾಗೆ ಮಾಡಿಬಿಟ್ಟರು. ಫೋನು ತಣ್ಣಗಾಯಿತು. ಆಗ ನನ್ನ ಬಾಯಿಂದ ಬಂದದ್ದೇನು ಗೊತ್ತೇ? "ಅಬ್ಬ, ಸದ್ಯ!"

ಮರುದಿನ ಸಂಜೆ ಕಮಿಟಿಯ ಏಳು ಜನ ನಾಗೇಂದ್ರ ಅವರ ಲಾಸ್ ಆಲ್ಟೋಸ್ ಮನೆಯ ಹಿತ್ತಲಲ್ಲಿ ಸೇರಿದೆವು. ಮಳೆ ನಿಂತು ಬಿಸಿಲು ಬಿದ್ದಿತ್ತು. ಅವರ ಹೆಂಡತಿ ಕೋಡುಬಳೆ, ಕಾಫಿ ಕೊಟ್ಟರು. ನಾಗೇಂದ್ರ ಅವರ ಮುಖದಲ್ಲಿ ನಿಜವಾಗಿಯೂ ಬೇಜಾರಿತ್ತು.

"ಮೇಷ್ಟ್ರ ಬಗ್ಗೆ ನಂಗೆ ಎಷ್ಟು ಗೌರವ ಅಂತ ನಿಮಗೆಲ್ಲ ಗೊತ್ತು. ಆದ್ರೆ ಜನ ಹೆದರಿಕೊಂಡಿದ್ದಾರೆ. ನಿನ್ನೆಯಿಂದ ಹದಿನೈದು ಫೋನ್ ಬಂದಿದೆ. ಕ್ಲಾಸು ಇಲ್ಲಿಗೆ ನಿಲ್ಲಿಸೋದೇ ಒಳ್ಳೇದು."

"ಇನ್ನು ಒಂದೇ ವಾರ ಉಳಿದಿರೋದು" ಅಂದೆ. ಹೌದು, ಅಷ್ಟು ಅಂದೆ. ಆ ವರ್ಷ ನಾನು ಮಾಸ್ತರ ಪರವಾಗಿ ಆಡಿದ ಮಾತು ಅದೊಂದೇ.

"ಅದೇ ಅಲ್ವಾ, ಹೇಗೂ ಮುಗೀತಾ ಬಂತು" ಅಂದರು ಅವರು. "ಆದ್ರೆ ತೆಗೆದು ಹಾಕಿದ್ರು ಅನ್ನೋ ಹಾಗೆ ಆಗಬಾರದು. ಹಿರಿಯರು, ನೋವಾಗಬಾರದು. ಹೇಗಿದ್ರೂ ಯುಗಾದಿ ಬಂತು. ಒಂದು ಸನ್ಮಾನ ಇಟ್ಕೊಂಡುಬಿಡೋಣ. ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಅಭಿನಂದನಾ ಪತ್ರ. ವಯಸ್ಸಾಯ್ತು, ವಿಶ್ರಾಂತಿ ತಗೋತಿದ್ದಾರೆ ಅಂತ. ಅವರಿಗೂ ಮರ್ಯಾದೆ, ನಮಗೂ ನೆಮ್ಮದಿ."

ನಮ್ಮ ಜನಕ್ಕೆ ಮಾತ್ರ ಹೊಳೆಯುವ ಉಪಾಯ ಅದು. ಬೇರೆಯವರಾದರೆ ಕತ್ತು ಹಿಡಿದು ನೂಕುತ್ತಾರೆ, ನಾವು ಹಾರ ಹಾಕಿ ಕಳಿಸುತ್ತೇವೆ. ಎಲ್ಲರ ಮುಖವೂ ಅರಳಿತು. ಎಂಥ ಒಳ್ಳೆಯ ಐಡಿಯಾ! "ಯಾರಿಗಾದ್ರೂ ವಿರೋಧ ಇದ್ಯಾ?" ಅಂದರು ನಾಗೇಂದ್ರ. ಕೋಡುಬಳೆ ಕಟಕಟ ಕಡಿಯುವ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಶ್ರೀಧರ ಹೊಸ ಕೆಲಸಕ್ಕೆ ಸೇರಿ ಮೂರು ವಾರ ಕೂಡ ಆಗಿರಲಿಲ್ಲ. ನಾಗೇಂದ್ರ ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ, ಹುಬ್ಬೇರಿಸಿದ್ದರೆ, ಇವತ್ತು ನನಗೊಂದು ನೆಪವಾದರೂ ಇರುತ್ತಿತ್ತು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಸರ್ವಾನುಮತದಿಂದ.

ಅಭಿನಂದನಾ ಪತ್ರ ಬರೆಯುವ ಕೆಲಸ ನನ್ನ ಪಾಲಿಗೇ ಬಂತು, ಇನ್ಯಾರಿಗೆ ಬರಬೇಕು? ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಬರೆಯುವಾಗ ನನಗೆ ಖುಷಿಯಾಯಿತು. ಬಹಳ ದಿನದ ಮೇಲೆ ಕೈತುಂಬ ಕನ್ನಡ ಬರೆಯುವ ಅವಕಾಶ. "ಜ್ಞಾನದಾಸೋಹಿಗಳೇ" ಅಂತ ಶುರು ಮಾಡಿದೆ. "ತಾವು ವಯೋಸಹಜವಾದ ವಿಶ್ರಾಂತಿಯನ್ನು ಬಯಸಿರುವುದರಿಂದ, ಭಾರವಾದ ಹೃದಯದಿಂದ ತಮ್ಮನ್ನು ಬೀಳ್ಕೊಡುತ್ತಿದ್ದೇವೆ" ಅನ್ನುವ ಸಾಲಿಗೆ ಬಂದಾಗ ಪೆನ್ನು ಒಂದು ಗಳಿಗೆ ನಿಂತಿತು. ನಿಂತದ್ದು, ಬರೆಯುತ್ತಿರುವುದು ಸುಳ್ಳು ಅಂತಲ್ಲ. "ಬಯಸಿರುವುದರಿಂದ" ಚೆನ್ನಾಗಿದೆಯೋ "ಅಪೇಕ್ಷಿಸಿರುವುದರಿಂದ" ಚೆನ್ನಾಗಿದೆಯೋ ಅಂತ. ಅದನ್ನು ಕ್ಯಾಲಿಗ್ರಫಿ ಬರುವ ಗೆಳತಿಯ ಕೈಲಿ ಬರೆಸಿ, ಗಾಜಿನ ಫ್ರೇಮು ಹಾಕಿಸಿ ತಂದೆ.

ಮಾಸ್ತರಿಗೆ ನಾಗೇಂದ್ರ ಫೋನು ಮಾಡಿ, ಈ ಶನಿವಾರ ಕ್ಲಾಸಿಲ್ಲ, ಯುಗಾದಿ ಕಾರ್ಯಕ್ರಮದಲ್ಲಿ ನಿಮಗೊಂದು ಸನ್ಮಾನ ಇದೆ, ಬರಬೇಕು ಅಂತಷ್ಟೇ ಹೇಳಿದ್ದರು. ಕ್ಲಾಸು ಪೂರ್ತಿ ನಿಂತದ್ದನ್ನು ಹೇಳುವ ಹೊಣೆ ಕಾರ್ಯದರ್ಶಿಯದ್ದು. ಒಂದು ವಾರ ನಾನು ವಾಕಿಂಗಿಗೇ ಹೋಗಲಿಲ್ಲ.

ಯುಗಾದಿಯ ದಿನ ಅವರು ಇಸ್ತ್ರಿ ಮಾಡಿದ ಧೋತರ, ಕರಿ ಕೋಟು ಹಾಕಿಕೊಂಡು ಬಂದರು. ಕಂಕುಳಲ್ಲಿ ಸುತ್ತಿದ ಚಾರ್ಟು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ, "ಊಟ ಆದ ಮ್ಯಾಲೆ ಹುಡುಗೂರು ಎಲ್ಲಾರೂ ಇಲ್ಲೇ ಇರತಾರಲ್ಲ ತಂಗಿ, ಒಂದು ಮೂಲ್ಯಾಗ ಕುಂದರಿಸಿಕೊಂಡು ಕಡೀ ಪಾಠ ಮುಗಿಸಿಬಿಡತೀನಿ" ಅಂದರು. ಆಗಲಾದರೂ ಹೇಳಬಹುದಿತ್ತು. ಪಕ್ಕಕ್ಕೆ ಕರೆದು, ಸರ್, ಹೀಗೆ ಹೀಗೆ ಅಂದಿದ್ದರೆ ಅವರು ವೇದಿಕೆಗೇ ಹೋಗುತ್ತಿರಲಿಲ್ಲವೇನೋ. ನಾನು "ಬನ್ನಿ ಸರ್, ಬೇವು ಬೆಲ್ಲ ತಗೊಳ್ಳಿ" ಅಂದೆ.

ಮುನ್ನೂರು ಜನ. ಹಾರ ಹಾಕಿದರು, ಶಾಲು ಹೊದಿಸಿದರು. ನಾನು ಮೈಕಿನ ಮುಂದೆ ನಿಂತು ಪತ್ರ ಓದಿದೆ. ಮೊದಲೆರಡು ಪ್ಯಾರಾ ಅವರು ತಲೆ ತಗ್ಗಿಸಿ ಸಂಕೋಚದಿಂದ ಕೇಳಿದರು. "ವಿಶ್ರಾಂತಿಯನ್ನು ಬಯಸಿರುವುದರಿಂದ" ಅಂದಾಗ ತಲೆ ಎತ್ತಿದರು. ನಾನು ಕಾಗದದಿಂದ ಕಣ್ಣು ತೆಗೆಯಲಿಲ್ಲ, ಆದರೆ ಅವರು ನನ್ನನ್ನೇ ನೋಡುತ್ತಿದ್ದಾರೆ ಅನ್ನುವುದು ಬಲಗೆನ್ನೆಗೆ ಗೊತ್ತಾಗುತ್ತಿತ್ತು. ಓದಿ ಮುಗಿಸಿದೆ. ನನ್ನ ದನಿ ಒಂದು ಕಡೆಯೂ ನಡುಗಲಿಲ್ಲ. ಜನ ಚಪ್ಪಾಳೆ ತಟ್ಟಿದರು.

ಎರಡು ಮಾತಾಡಿ ಅಂತ ಅವರ ಕೈಗೆ ಮೈಕು ಕೊಟ್ಟರು. ಅವರು ಹೆಗಲಿನಿಂದ ಜಾರುತ್ತಿದ್ದ ಶಾಲನ್ನು ಸರಿಮಾಡಿಕೊಂಡರು.

"ನಾ ವಿಶ್ರಾಂತಿ ಕೇಳಿದ್ದು ನನಗ ನೆನಪಿಲ್ಲರಿ" ಅಂದರು. "ವಯಸ್ಸಾತು. ಮರವು ಇದ್ದರೂ ಇರಬಹುದು. ಎಲ್ಲಾರಿಗೂ ಶರಣು."

ಹಾಲ್ ತುಂಬ ನಗು. ಎಷ್ಟು ಚೆನ್ನಾಗಿ ತಮಾಷೆ ಮಾಡುತ್ತಾರೆ ಮೇಷ್ಟ್ರು ಅಂತ ಪಕ್ಕದವರು ನನ್ನ ಭುಜ ತಟ್ಟಿದರು. ಹನ್ನೊಂದು ಮಕ್ಕಳು ಎಡಗಡೆಯ ಗೋಡೆಗೆ ಒರಗಿ ನಿಂತಿದ್ದರು. ಅವರು ಮಾತ್ರ ನಗಲಿಲ್ಲ. ರೋಹನ್ ಕೂಡ ನಗಲಿಲ್ಲ. ಮಾಸ್ತರು ಊಟಕ್ಕೆ ನಿಲ್ಲದೆ ಸುಜಾತಾಳ ಜೊತೆ ಹೊರಟರು. ಹಣ್ಣಿನ ಬುಟ್ಟಿ ಹೊತ್ತು ಅವರ ಕಾರಿನವರೆಗೂ ಹೋದವಳು ನಾನೇ. ಸುಜಾತಾ ಬುಟ್ಟಿ ಇಸಿದುಕೊಂಡು ಡಿಕ್ಕಿಗೆ ಹಾಕಿ ಮುಚ್ಚಿದಳು.

ಮನೆಗೆ ಬರುವಾಗ ಫ್ರೀವೇ ಖಾಲಿ ಇತ್ತು. ಹಿಂದಿನ ಸೀಟಿನಿಂದ ಪ್ರಣತಿ ಕೇಳಿದಳು, "ಅಮ್ಮಾ, ಡಿಡ್ ಯು ರೈಟ್ ದಟ್?"

"ಹೂಂ."

"ಬಟ್ ಅಜ್ಜ ನೆವರ್ ಸೆಡ್ ದಟ್. ಒನ್ ಮೋರ್ ಕ್ಲಾಸ್ ಇದೆ ಅಂದಿದ್ರು."

"ಅದೆಲ್ಲ ದೊಡ್ಡವರ ವಿಷಯ, ನಿಂಗ್ಯಾಕೆ? ಸುಮ್ನಿರು" ಅಂತ ಗದರಿದೆ. ಗದರಿದ್ದು ಜೋರಾಯಿತು. ಶ್ರೀಧರ ಒಮ್ಮೆ ನನ್ನ ಕಡೆ ತಿರುಗಿ, ಮತ್ತೆ ರಸ್ತೆ ನೋಡಿದರು. ಪ್ರಣತಿ ಬಹಳ ಹೊತ್ತಿನ ಮೇಲೆ, ಸಿಟ್ಟೇ ಇಲ್ಲದ ದನಿಯಲ್ಲಿ, "ಪೋಸ್ಟ್‌ಮ್ಯಾನ್ ಲೆಟರ್ ಓದಲ್ಲ ಅಂತ ನೀನು ಅಂದಿದ್ದೆ. ಈ ಲೆಟರ್ ನೀನೇ ಬರೆದಿದ್ದು" ಅಂದಳು. ಅವಳು ಅಷ್ಟು ಉದ್ದ ಕನ್ನಡ ಮಾತಾಡಿದ್ದನ್ನು ನಾನು ಕೇಳಿ ವರ್ಷವೇ ಆಗಿತ್ತು. ಬೇರೆ ದಿನವಾಗಿದ್ದರೆ ಮುದ್ದು ಮಾಡುತ್ತಿದ್ದೆ.

ನಾನು ಅವರ ಮನೆಗೆ ಹೋದದ್ದು ಮೇ ತಿಂಗಳಲ್ಲಿ. ಅಷ್ಟು ದಿನ ಬೇಕಾಯಿತು, ಆರು ಮನೆ ದಾಟಿ ಹೋಗುವುದಕ್ಕೆ. ಹಸಿರು ಗುಡ್ಡ ಅಷ್ಟರಲ್ಲಿ ಒಣಗಿ ಹಳದಿಯಾಗಿತ್ತು. ಸುಜಾತಾ ಬಾಗಿಲು ತೆಗೆದು, "ಅಪ್ಪಾರು ಹಿಂದ ಅದಾರ" ಅಂದು ಒಳಗೆ ಹೋದಳು. ಮಾಸ್ತರು ಹಿಂದಿನ ಅಂಗೈಯಗಲದ ಜಾಗದಲ್ಲಿ ಕುಂಡದ ಮೆಂತ್ಯಕ್ಕೆ ನೀರು ಹಾಕುತ್ತಿದ್ದರು.

"ಬರ್ರಿ ತಂಗಿ, ಕುಂದರ್ರಿ. ಚಾ ಕುಡೀತೀರೇನು?"

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಚಹಾ ಕೇಳಿದರಲ್ಲ, ಕುರ್ಚಿ ಎಳೆದುಕೊಳ್ಳುವ ಧೈರ್ಯ ಬರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಕಮಿಟಿ, ಕೋಡುಬಳೆ, ಪತ್ರ, ಯಾವ ಶಬ್ದ ಚೆನ್ನಾಗಿದೆ ಅಂತ ಯೋಚಿಸಿದ್ದು ಕೂಡ. ಶ್ರೀಧರ ಅವರ ಕೆಲಸದ ವಿಷಯವನ್ನೂ ಹೇಳಿದೆ. ಹೇಳುವಾಗ ಅದು ನೆಪದ ಹಾಗೆ ಕೇಳಿಸಿತು, ನೆಪವೇ ಆಗಿತ್ತು. ಅವರು ನೀರಿನ ಕ್ಯಾನು ಕೆಳಗಿಟ್ಟು ಕೇಳಿಸಿಕೊಂಡರು.

"ಅಧ್ಯಕ್ಷರು ನಿಮಗ ಅಂಜಿಕಿ ಹಾಕಿದ್ರೇನು?"

"ಇಲ್ಲ ಸರ್."

"ನಿಮ್ಮ ಯಜಮಾನ್ರ ನೌಕರಿ ಬಗ್ಗೆ ಏನರ ಅಂದ್ರೇನು? ಸೂಚನಾ ಏನರ ಕೊಟ್ರೇನು?"

"ಒಂದು ಮಾತೂ ಇಲ್ಲ ಸರ್. ನನ್ನ ಕಡೆ ನೋಡಲೂ ಇಲ್ಲ."

ಅವರು ತಲೆಯಾಡಿಸಿದರು. ಪರೀಕ್ಷೆಯಲ್ಲಿ ಸರಿ ಉತ್ತರ ಬಂದಾಗ ಮೇಷ್ಟ್ರುಗಳು ಆಡಿಸುತ್ತಾರಲ್ಲ, ಹಾಗೆ.

"ಕಡೀ ಪಾಠ ಯುದ್ಧದ್ದು ಅಂತ ಹುಡುಗೂರು ತಿಳಕೊಂಡಿದ್ದರು. ಯುದ್ಧ ಹೆಂಗ ಶುರುವಾತು ಅಂತ ಪುಸ್ತಕದಾಗ ಐತಿ ಬಿಡ್ರಿ, ಯಾರು ಬೇಕಾದ್ರೂ ಓದಬಹುದು. ನಾ ಕಡೀ ದಿನ ಒಂದ ಪ್ರಶ್ನೆ ಕೇಳಾವಿದ್ದೆ. ಆರು ವಾರ ನೀವೆಲ್ಲಾ ಸುಮ್ನಿದ್ರಿ, ಬ್ರೆಡ್ ಮಾಡಿದ್ರಿ, ಪತ್ರ ಹಂಚಿದ್ರಿ. ನಿಮಗ ಯಾರು ಒತ್ತಾಯ ಮಾಡಿದ್ರು? ನಾ ಚೀಟಿ ಓದಿದ್ದೆ, ಅಷ್ಟs. ಸುಮ್ನಿರ್ರಿ ಅಂತ ಒಬ್ಬರಿಗೂ ಹೇಳಿದ್ದಿಲ್ಲ."

ಅಳು ಬಂತು. ಅವರು ಅದು ನಿಲ್ಲುವವರೆಗೂ ಮೆಂತ್ಯದ ಸೊಪ್ಪು ಚಿವುಟುತ್ತಾ ಕಾದರು. ಆಮೇಲೆ, "ನನ್ನ ಹತ್ರ ಹೇಳಿದ್ರಿ, ಆತು. ಅದರಾಗ ದೊಡ್ಡದೇನಿಲ್ಲ, ನಾ ಇದನ್ನ ಮೊದಲs ಬಲ್ಲೆ. ನನಗೊಂದು ಕೆಲಸ ಮಾಡಿಕೊಡ್ರಿ. ಆ ಪಾಠ ಹುಡುಗೂರಿಗೆ ನೀವ ಮಾಡ್ರಿ. ನಿಮ್ಮ ಕಥಿನs ಹೇಳ್ರಿ. ನನ್ನಕಿಂತ ಚಲೋ ಹೇಳತೀರಿ" ಅಂದರು.

"ಹೂಂ ಸರ್" ಅಂದೆ. ಮನಃಪೂರ್ವಕವಾಗಿಯೇ ಅಂದೆ.

ಆ ಬೇಸಿಗೆಯಲ್ಲೇ ಸುಜಾತಾಳ ಕೆಲಸ ಟೆಕ್ಸಸ್‌ಗೆ ಹೋಯಿತು, ಮಾಸ್ತರೂ ಹೋದರು. ಹೋಗುವ ದಿನ ಕೈ ಬೀಸಿದರು, ಪಾಠದ ಮಾತು ಎತ್ತಲಿಲ್ಲ. ಬಳಗದಲ್ಲಿ ನಾಗೇಂದ್ರ ಮತ್ತೆ ಅವಿರೋಧವಾಗಿ ಆಯ್ಕೆಯಾದರು, ನಡಾವಳಿ ಬರೆದವಳು ನಾನೇ. ಅವರನ್ನು ಸರ್ವಾಧಿಕಾರಿ ಅನ್ನುವುದು ಶುದ್ಧ ಅನ್ಯಾಯ. ಹೋಳಿಗೆ ಎಲ್ಲರಿಗೂ ಬಿಸಿಯಾಗಿ ಸಿಗಬೇಕು ಅಂತ ಒದ್ದಾಡುವ ಒಳ್ಳೆಯ ಮನುಷ್ಯ ಅವರು. ತಪ್ಪು ಅವರದ್ದು ಅಂತ ಹೇಳಿಕೊಳ್ಳಲು ನಾನು ಎಷ್ಟೋ ಸಲ ಪ್ರಯತ್ನ ಪಟ್ಟಿದ್ದೇನೆ, ಆಗಿಲ್ಲ.

ಹನ್ನೊಂದು ಮಕ್ಕಳಿಗೆ ಇನ್ನೂ ಆ ಪಾಠ ಹೇಳಿಲ್ಲ. ಮೊದಲು ಪರೀಕ್ಷೆ ಮುಗಿಯಲಿ ಅಂದುಕೊಂಡೆ, ಆಮೇಲೆ ರಜೆ ಬಂತು, ಆಮೇಲೆ ಅವರಿಗೆ ಕಾಲೇಜಿನ ಅರ್ಜಿಗಳ ಗಡಿಬಿಡಿ. ಈಗ ಒಬ್ಬೊಬ್ಬರು ಒಂದೊಂದು ಊರಿನಲ್ಲಿ ಓದುತ್ತಿದ್ದಾರೆ. ನಂಬರು ಇಲ್ಲ ಅನ್ನುವ ಹಾಗಿಲ್ಲ, ಕಾರ್ಯದರ್ಶಿ ನಾನು, ಎಲ್ಲರದ್ದೂ ನನ್ನ ಫೋನಿನಲ್ಲಿದೆ. ಪ್ರಣತಿ ಪ್ರತಿ ಭಾನುವಾರ ಫೋನು ಮಾಡುತ್ತಾಳೆ. ಹವಾಮಾನ, ಊಟ, ಲಾಂಡ್ರಿ, ಎಲ್ಲ ಮಾತಾಡುತ್ತೇವೆ.

ರಂಗಪ್ರವೇಶದ ಮರುದಿನದಿಂದ ಕೂತು ಇಷ್ಟು ಬರೆದೆ. ಒಂದು ಶಬ್ದವನ್ನೂ ಚೆಂದ ಮಾಡಲು ಹೋಗಲಿಲ್ಲ. ಎಲ್ಲ ಒಪ್ಪಿಕೊಂಡೆ ಅನ್ನುವ ಹಗುರವೂ ಆಯಿತು, ಸುಳ್ಳೇಕೆ. ಆದರೆ ಬರೆದದ್ದು ಕನ್ನಡದಲ್ಲಿ. ಆ ಹನ್ನೊಂದು ಮಕ್ಕಳು ಕನ್ನಡ ಹೇಳಿದರೆ ತಿಳಿದುಕೊಳ್ಳುತ್ತಾರೆ, ಶನಿವಾರ ಎಷ್ಟು ಕಲಿಸಿದರೂ ಓದಲು ಒಬ್ಬರಿಗೂ ಬರುವುದಿಲ್ಲ. ಅದು ಗೊತ್ತಿದ್ದೇ ಬರೆದೆ.